ಅಡಿಕೆಗೆ ಯಾರ ಕಾನೂನು? ಕೇಂದ್ರದ ಮಾನದಂಡ, ರಾಜ್ಯದ ನಿಷೇಧ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮಾರುಕಟ್ಟೆಗಳಲ್ಲಿ ಒಂದು ಮಾತು ಆಗಾಗ ಹುಟ್ಟಿಕೊಳ್ಳುತ್ತದೆ: ‘ಅಡಕೆ ಬ್ಯಾನ್ ಆಗ್ತಡ’. ಯಾವುದೋ ರಾಜ್ಯದಲ್ಲಿ ಪಾನ್ ಮಸಾಲಾ ನಿಷೇಧವಾಗಿರುತ್ತದೆ, ಇಲ್ಲವೇ ದಿಲ್ಲಿಯಲ್ಲಿ ಒಂದು ಕರಡು ನಿಯಮ ಹೊರಬಿದ್ದಿರುತ್ತದೆ. ಸುದ್ದಿ ಮೊಬೈಲಿನಲ್ಲಿ ಊರು ಸುತ್ತಿ ಬರುವಷ್ಟರಲ್ಲಿ ಟೆಂಡರಿನ ದರ ಅಲುಗಾಡಿರುತ್ತದೆ. ಅಟ್ಟದಲ್ಲಿ ಚಾಲಿ ಅಡಿಕೆ ಇಟ್ಟುಕೊಂಡವರು ಈಗಲೇ ಕೊಟ್ಟುಬಿಡೋಣವೇ ಎಂದು ಲೆಕ್ಕ ಹಾಕತೊಡಗುತ್ತಾರೆ.

ಆ ಗಡಿಬಿಡಿಯಲ್ಲಿ ಯಾರೂ ಕೇಳದೆ ಬಿಡುವ ಪ್ರಶ್ನೆಗಳು ಕೆಲವಿವೆ. ನಿಷೇಧಿಸಿದವರು ಯಾರು, ಕೇಂದ್ರವೋ ರಾಜ್ಯವೋ? ಯಾವ ಕಾಯ್ದೆಯ ಯಾವ ಸೆಕ್ಷನ್ ಹಿಡಿದು? ಅಡಿಕೆಯ ಯಾವ ರೂಪವನ್ನು? ಎಷ್ಟು ಕಾಲಕ್ಕೆ? ಇದೆಲ್ಲಕ್ಕಿಂತ ಆಳದಲ್ಲಿರುವ ಪ್ರಶ್ನೆ ಮತ್ತೊಂದು: ಕೇಂದ್ರ ಒಂದು ಮಾನದಂಡ ಹಾಕಿದ ಮೇಲೆ ರಾಜ್ಯ ಅದಕ್ಕಿಂತ ಬಿಗಿಯಾದ ನಿಯಮ ಮಾಡಬಹುದೇ, ಮಾಡಬಹುದಾದರೆ ಎಲ್ಲಿಯವರೆಗೆ? ಇದು ವಕೀಲರಿಗಷ್ಟೇ ಬಿಟ್ಟ ವಿಚಾರವಲ್ಲ. 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತಲ್ಲ, ಅದು ಈ ಮೂರೇ ತಾಲ್ಲೂಕುಗಳ ಅಡಿಕೆಗೆ ಸಿಕ್ಕಿದ್ದು. ಮೂರು ತಾಲ್ಲೂಕುಗಳ ಬದುಕೇ ಒಂದು ಬೆಳೆಯ ಮೇಲೆ ನಿಂತಿರುವಾಗ ಆ ಬೆಳೆಯನ್ನು ಆಳುವ ಕಾನೂನು ಹೇಗೆ ನಡೆಯುತ್ತದೆ ಎಂಬುದು ಬೆಳೆಗಾರನಿಗೆ ಗೊತ್ತಿರಲೇಬೇಕು. ಅಂದಹಾಗೆ, ಭೌಗೋಳಿಕ ಸೂಚಿಕೆ ಕಾಪಾಡುವುದು ಹೆಸರನ್ನು ಮಾತ್ರ. ಬೇರೆ ಊರಿನ ಅಡಿಕೆಯನ್ನು ಈ ಹೆಸರಿನಲ್ಲಿ ಮಾರದಂತೆ ಅದು ತಡೆಯುತ್ತದೆ. ಆಹಾರ ಕಾನೂನಿನಿಂದ ಅದು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಎರಡನ್ನೂ ಬೆರೆಸಿ ಸಮಾಧಾನಪಟ್ಟುಕೊಂಡವರಿದ್ದಾರೆ, ಅದಕ್ಕೇ ಹೇಳಿದೆ.

ಮರದಿಂದ ಪೊಟ್ಟಣದವರೆಗೆ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಕೇಂದ್ರದ್ದು. ಇದರ ಅಡಿಯಲ್ಲೇ ಎಫ್‌ಎಸ್‌ಎಸ್‌ಎಐ ಎಂಬ ಪ್ರಾಧಿಕಾರವಿದೆ. ಈ ಕಾಯ್ದೆ ‘ಆಹಾರ’ ಎಂದರೆ ಏನು ಎಂದು ವಿವರಿಸುವಾಗ ಕೊಯ್ಲಿಗೆ ಮೊದಲಿನ ಬೆಳೆಯನ್ನು ಹೊರಗಿಡುತ್ತದೆ. ಮರದ ಮೇಲಿನ ಕೊನೆ ಅದರ ಕಣ್ಣಿಗೆ ಆಹಾರವಲ್ಲ. ಕೊನೆಗೌಡ ಕೊನೆ ಇಳಿಸಿದ ಮೇಲೆ? ಅಲ್ಲಿ ‘ಪ್ರಾಥಮಿಕ ಆಹಾರ’ ಎಂಬ ಇನ್ನೊಂದು ವ್ಯಾಖ್ಯೆ ಬರುತ್ತದೆ. ಕೃಷಿ, ತೋಟಗಾರಿಕೆಯ ಉತ್ಪನ್ನ ತನ್ನ ಸಹಜ ರೂಪದಲ್ಲಿ, ರೈತನಲ್ಲದ ಬೇರೊಬ್ಬರ ಕೈಯಲ್ಲಿ ಇದ್ದಾಗ ಅದು ಪ್ರಾಥಮಿಕ ಆಹಾರ. ಬೆಳೆದವನ ಕೈಯಲ್ಲಿ ಇರುವಷ್ಟು ಹೊತ್ತು ಅದಲ್ಲ. ಸಹಕಾರಿ ಸಂಘದ ಗೋದಾಮಿಗೆ, ವ್ಯಾಪಾರಿಯ ವಖಾರಿಗೆ ಬಂದಾಗ ಕಾನೂನಿನ ಕೈ ಅದನ್ನು ಮುಟ್ಟುತ್ತದೆ.

ಇನ್ನೂ ಮುಂದೆ ಹೋದರೆ ಸುಪಾರಿ, ಪಾನ್ ಮಸಾಲಾ, ಗುಟ್ಖಾ. ಚಾಲಿ ಬಹುಪಾಲು ಜಗಿಯುವ ಸುಪಾರಿಯಾಗಿ ಉತ್ತರದ ರಾಜ್ಯಗಳಿಗೆ ಹೋಗುತ್ತದೆ. ಬೇಯಿಸಿ ಒಣಗಿಸಿದ ಕೆಂಪಡಿಕೆಗೆ, ಅದರಲ್ಲೂ ರಾಶಿಗೆ, ಪಾನ್ ಮಸಾಲಾ ಉದ್ಯಮವೇ ದೊಡ್ಡ ಗಿರಾಕಿ. ಪಾನ್ ಮಸಾಲಾ ಎಂಬುದಕ್ಕೆ ಕೇಂದ್ರದ ನಿಯಮದಲ್ಲಿ ಪ್ರತ್ಯೇಕ ಮಾನದಂಡವಿದೆ. ಪೊಟ್ಟಣದ ಮೇಲೆ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಕಡ್ಡಾಯ, ಸುಪಾರಿ ಪೊಟ್ಟಣಕ್ಕೂ ಅಷ್ಟೇ. ಆದರೆ ಅವು ಮಾರಬಹುದಾದ ಪದಾರ್ಥಗಳು. ಗುಟ್ಖಾ ಎಂದರೆ ಅಡಿಕೆ, ಸುಣ್ಣ, ಕಾಚಿನ ಜೊತೆಗೆ ತಂಬಾಕು ಬೆರೆತದ್ದು. ಈ ಮೂರು ನಾಲ್ಕು ಹಂತಗಳನ್ನು ಬೇರೆ ಬೇರೆ ಇಟ್ಟು ನೋಡದಿದ್ದರೆ ಯಾವ ಆದೇಶವೂ ಅರ್ಥವಾಗುವುದಿಲ್ಲ. ಪತ್ರಿಕೆಯ ತಲೆಬರಹದಲ್ಲಿ ಎಲ್ಲವೂ ‘ಅಡಿಕೆ’ಯೇ ಆಗಿಬಿಡುತ್ತದೆ.

ಅಧಿಕಾರ ಹಂಚಿಕೆಯಾದ ಬಗೆ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ವಿದೇಶಿ ವ್ಯಾಪಾರ ಕೇಂದ್ರ ಪಟ್ಟಿಯಲ್ಲಿದೆ. ಆದ್ದರಿಂದಲೇ 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದ್ದು ಕೇಂದ್ರ. ಬೆಂಗಳೂರಿನ ಸರ್ಕಾರ ಅದರಲ್ಲಿ ಮನವಿ ಕೊಡಬಹುದೇ ಹೊರತು ಆದೇಶ ಹೊರಡಿಸಲಾರದು. ಸಾರ್ವಜನಿಕ ಆರೋಗ್ಯ, ಕೃಷಿ, ಸಂತೆ ಮತ್ತು ಮಾರುಕಟ್ಟೆ ರಾಜ್ಯ ಪಟ್ಟಿಯಲ್ಲಿವೆ. ಆಹಾರದ ಕಲಬೆರಕೆ ಸಮವರ್ತಿ ಪಟ್ಟಿಯ 18ನೇ ನಮೂದು, ಇಬ್ಬರೂ ಕಾನೂನು ಮಾಡಬಹುದಾದ ವಿಷಯ.

ತೊಡಕು ಇಲ್ಲೇ ಶುರುವಾಗುತ್ತದೆ. ಪೊಟ್ಟಣದಲ್ಲಿರುವ ಪಾನ್ ಮಸಾಲಾ ಆರೋಗ್ಯದ ವಿಷಯವೇ, ಆಹಾರದ ವಿಷಯವೇ, ಉದ್ಯಮದ ವಿಷಯವೇ? ಮೂರೂ ಹೌದು. ಆಹಾರ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಸಂಸತ್ತು ಒಂದು ಘೋಷಣೆ ಮಾಡಿದೆ: ಸಾರ್ವಜನಿಕ ಹಿತಕ್ಕಾಗಿ ಆಹಾರ ಉದ್ಯಮವನ್ನು ಕೇಂದ್ರ ತನ್ನ ಹಿಡಿತಕ್ಕೆ ತೆಗೆದುಕೊಳ್ಳುವುದು ಸೂಕ್ತ ಎಂದು. 2003ರ ತಂಬಾಕು ನಿಯಂತ್ರಣ ಕಾಯ್ದೆಯಲ್ಲಿ, ಅಂದರೆ ಎಲ್ಲರೂ ಕೋಟ್ಪಾ ಎನ್ನುವ ಕಾಯ್ದೆಯಲ್ಲಿ, ತಂಬಾಕು ಉದ್ಯಮದ ಬಗ್ಗೆಯೂ ಇಂಥದೇ ಘೋಷಣೆಯಿದೆ. ಕೇಂದ್ರ ಪಟ್ಟಿಯ 52ನೇ ನಮೂದಿಗೆ ಜೋಡಿಸಿದ ಈ ಒಂದು ಸಾಲಿನಿಂದ ರಾಜ್ಯದ ಕೈಯಲ್ಲಿದ್ದ ಉದ್ಯಮ ವಿಷಯದ ದೊಡ್ಡ ಪಾಲು ದಿಲ್ಲಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದೇ ನ್ಯಾಯಾಲಯಗಳಲ್ಲಿ ದಶಕಗಳಿಂದ ನಡೆದ ಜಗಳ. ತಂಬಾಕಿನ ಮೇಲೆ ಎಪಿಎಂಸಿ ಮಾರುಕಟ್ಟೆ ಶುಲ್ಕ ಹಾಕಬಹುದೇ ಎಂಬ ವ್ಯಾಜ್ಯದಲ್ಲಿ 1985ರಲ್ಲಿ ಕರ್ನಾಟಕ ಸುಪ್ರೀಂ ಕೋರ್ಟಿನಲ್ಲಿ ಸೋತಿತ್ತು. 2002ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿ ಮಾರುಕಟ್ಟೆ ರಾಜ್ಯದ ವಿಷಯವೇ ಎಂದಿತು.

ಸಮವರ್ತಿ ಪಟ್ಟಿಯ ವಿಷಯದಲ್ಲಿ ಕೇಂದ್ರ ಮತ್ತು ರಾಜ್ಯದ ಕಾನೂನು ಡಿಕ್ಕಿ ಹೊಡೆದರೆ ಏನು? 254ನೇ ವಿಧಿ ಹೇಳುವುದು ಇಷ್ಟು: ಸಂಸತ್ತಿನ ಕಾನೂನು ನಿಲ್ಲುತ್ತದೆ, ರಾಜ್ಯದ್ದು ಡಿಕ್ಕಿಯಾಗುವಷ್ಟರ ಮಟ್ಟಿಗೆ ಬೀಳುತ್ತದೆ. ಆದರೆ ರಾಜ್ಯದ ಮಸೂದೆ ರಾಷ್ಟ್ರಪತಿಗಳ ಪರಿಶೀಲನೆಗೆ ಹೋಗಿ ಅವರ ಅಂಕಿತ ಪಡೆದರೆ ಆ ರಾಜ್ಯದೊಳಗೆ ರಾಜ್ಯದ ಕಾನೂನೇ ನಡೆಯುತ್ತದೆ. ಮುಂದೆ ಸಂಸತ್ತು ಬೇಕೆಂದರೆ ಅದನ್ನೂ ಬದಲಿಸಬಹುದು. ರಾಜ್ಯಕ್ಕೆ ಬಿಗಿ ಮಾಡಲು ಇರುವ ರಾಜಮಾರ್ಗ ಇದು. ಇದು ನಿಧಾನದ ದಾರಿ. ಹಾಗಾಗಿ ರಾಜ್ಯಗಳು ಹೆಚ್ಚಾಗಿ ಹಿಡಿದದ್ದು ಒಳದಾರಿ.

ಒಳದಾರಿಯ ಕಥೆ

ಹಳೆಯ ಕಾನೂನಿನಿಂದ ಹೇಳಬೇಕು. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯಲ್ಲಿ ರಾಜ್ಯದ ಆಹಾರ (ಆರೋಗ್ಯ) ಅಧಿಕಾರಿ ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಯಾವುದೇ ಪದಾರ್ಥದ ಮಾರಾಟವನ್ನು ಸದ್ಯಕ್ಕೆ ನಿಷೇಧಿಸಬಹುದು ಎಂಬ ಅರ್ಥದ ಒಂದು ಸೆಕ್ಷನ್ ಇತ್ತು. ಅದನ್ನು ಹಿಡಿದು ಮಹಾರಾಷ್ಟ್ರ 2002ರಲ್ಲಿ ಗುಟ್ಖಾ ಮತ್ತು ಪಾನ್ ಮಸಾಲಾವನ್ನು ಐದು ವರ್ಷಕ್ಕೆ ನಿಷೇಧಿಸಿತು. ತಮಿಳುನಾಡಿನಂಥ ರಾಜ್ಯಗಳೂ ಇದೇ ದಾರಿ ಹಿಡಿದಿದ್ದವು. ಗೋದಾವತ್ ಪಾನ್ ಮಸಾಲಾ ಪ್ರಕರಣದಲ್ಲಿ 2004ರ ಆಗಸ್ಟ್ 2ರಂದು ಸುಪ್ರೀಂ ಕೋರ್ಟ್ ಈ ನಿಷೇಧಗಳನ್ನು ರದ್ದುಪಡಿಸಿತು. ಅಧಿಕಾರಿಗಿರುವ ಅಧಿಕಾರ ತಾತ್ಕಾಲಿಕ, ಸ್ಥಳೀಯ ತುರ್ತಿಗೆ ಮೀಸಲಾದದ್ದು. ಒಂದು ಪದಾರ್ಥ ಆರೋಗ್ಯಕ್ಕೇ ಹಾನಿ, ಆದ್ದರಿಂದ ಬೇಡವೇ ಬೇಡ ಎನ್ನುವುದು ನೀತಿಯ ತೀರ್ಮಾನ, ಅದನ್ನು ಆ ಕಾಯ್ದೆ ಕೇಂದ್ರಕ್ಕೆ ಕೊಟ್ಟಿದೆ ಎಂಬುದು ತೀರ್ಪಿನ ತಿರುಳು. ಕೇಂದ್ರದ ಮಾನದಂಡಕ್ಕಿಂತ ಬಿಗಿಯಾಗುವ ರಾಜ್ಯದ ಕೈಯನ್ನು ನ್ಯಾಯಾಲಯ ಹಿಡಿದು ನಿಲ್ಲಿಸಿದ ಉದಾಹರಣೆಗಳಲ್ಲಿ ನಮ್ಮ ಬೆಳೆಗೆ ಅತಿ ಹತ್ತಿರದ್ದು ಇದು.

ಎರಡು ವರ್ಷದಲ್ಲಿ ಕಾನೂನೇ ಬದಲಾಯಿತು. 2006ರ ಹೊಸ ಕಾಯ್ದೆ ಹಳೆಯದನ್ನು ಮಡಿಚಿಟ್ಟಿತು. ಅದರ 89ನೇ ಸೆಕ್ಷನ್ ಪ್ರಕಾರ ಆಹಾರದ ಬಗ್ಗೆ ಬೇರೆ ಯಾವ ಕಾನೂನು ಏನೇ ಹೇಳಿದ್ದರೂ ಇದೇ ಮೇಲು. ರಾಜ್ಯ ಸರ್ಕಾರ ನಿಯಮ ಮಾಡಬಹುದು, ಆದರೆ 94ನೇ ಸೆಕ್ಷನ್ ಪ್ರಕಾರ ಮೊದಲು ಕರಡು ಪ್ರಕಟಿಸಬೇಕು, ಕೇಂದ್ರದ ಆಹಾರ ಪ್ರಾಧಿಕಾರದ ಪೂರ್ವಾನುಮೋದನೆ ಪಡೆಯಬೇಕು. ಇಷ್ಟು ಬಿಗಿಯಾಗಿ ಕಟ್ಟಿದ ಕಾಯ್ದೆಯಲ್ಲಿ ಒಂದು ಕಿಟಕಿ ಮಾತ್ರ ತೆರೆದಿದೆ, 30(2)(ಎ) ಸೆಕ್ಷನ್. ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಯಾವುದೇ ಆಹಾರ ಪದಾರ್ಥದ ತಯಾರಿಕೆ, ಸಂಗ್ರಹ, ವಿತರಣೆ, ಮಾರಾಟವನ್ನು ಇಡೀ ರಾಜ್ಯದಲ್ಲಿ ಅಥವಾ ಅದರ ಒಂದು ಭಾಗದಲ್ಲಿ ನಿಷೇಧಿಸಬಹುದು. ಅವಧಿ ಒಂದು ವರ್ಷ ಮೀರಕೂಡದು. ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು.

ಇದರ ಜೊತೆಗೆ 2011ರಲ್ಲಿ ಕೇಂದ್ರವೇ ಒಂದು ನಿಯಮ ತಂದಿತು. ಮಾರಾಟ ನಿಷೇಧ ಮತ್ತು ನಿರ್ಬಂಧ ನಿಯಮಾವಳಿಯ 2.3.4ನೇ ನಿಯಮ: ತಂಬಾಕು ಮತ್ತು ನಿಕೋಟಿನ್ ಅನ್ನು ಯಾವುದೇ ಆಹಾರ ಪದಾರ್ಥದಲ್ಲಿ ಬಳಸಕೂಡದು. ಗುಟ್ಖಾದ ಕಥೆ ಕಾನೂನಿನ ಮಟ್ಟಿಗೆ ಮುಗಿದದ್ದು ಇದೇ ಸಾಲಿನಿಂದ. 2012ರ ಏಪ್ರಿಲ್ 1ರಿಂದ ಮಧ್ಯಪ್ರದೇಶ ನಿಷೇಧ ಜಾರಿಗೆ ತಂದಿತು, ಒಂದೊಂದಾಗಿ ಬೇರೆ ರಾಜ್ಯಗಳು ಹಿಂಬಾಲಿಸಿದವು. ಕರ್ನಾಟಕದ ಆದೇಶ ಬಂದದ್ದು 2013ರ ಮೇ ಕೊನೆಯಲ್ಲಿ, ವಿಶ್ವ ತಂಬಾಕುರಹಿತ ದಿನದ ಹೊತ್ತಿಗೆ. ಹೊಸ ಸರ್ಕಾರ ಬಂದು ಮೂರು ವಾರವೂ ಆಗಿರಲಿಲ್ಲ.

ಆಗ ಮಲೆನಾಡಿನಲ್ಲಿ ಎದ್ದ ಸಿಟ್ಟೆಲ್ಲ ಬೆಂಗಳೂರಿನ ಮೇಲೆ. ಆದರೆ ನಿಧಾನವಾಗಿ ಓದಿ ನೋಡಿ: ಕರ್ನಾಟಕ ನಿಷೇಧಿಸಿದ್ದು ತಂಬಾಕು ಅಥವಾ ನಿಕೋಟಿನ್ ಇರುವ ಗುಟ್ಖಾ, ಪಾನ್ ಮಸಾಲಾವನ್ನು. ಅದನ್ನು ಕೇಂದ್ರದ ನಿಯಮ ಎರಡು ವರ್ಷ ಮೊದಲೇ ನಿಷೇಧಿಸಿತ್ತು. ರಾಜ್ಯ ಕೇಂದ್ರಕ್ಕಿಂತ ಒಂದು ಕೂದಲೆಳೆಯಷ್ಟೂ ಬಿಗಿಯಾಗಲಿಲ್ಲ, ಇದ್ದ ನಿಯಮವನ್ನು ಜಾರಿ ಮಾಡಿತು. ರಾಜ್ಯದ ಆದೇಶ ಹಿಂದೆ ಸರಿದರೆ ಗುಟ್ಖಾ ವಾಪಸು ಬರುತ್ತದೆ ಎಂದು ನಂಬಿ ವಿಧಾನಸೌಧಕ್ಕೆ ಮನವಿ ಒಯ್ದವರು ತಪ್ಪು ಬಾಗಿಲು ತಟ್ಟಿದ್ದರು. 2016ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ 2.3.4ನೇ ನಿಯಮವನ್ನು ಪೂರ್ತಿಯಾಗಿ ಪಾಲಿಸುವಂತೆ ಹೇಳಿತು. ತಂಬಾಕನ್ನೂ ಮಸಾಲೆಯನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಜೊತೆಗೇ ಮಾರುವ ಉಪಾಯವನ್ನೂ ಗಮನಕ್ಕೆ ತೆಗೆದುಕೊಂಡಿತು. ಆ ಪ್ರಕರಣದ ಶೀರ್ಷಿಕೆಯಲ್ಲೇ ಅಡಿಕೆ ಮಾರಾಟ ಸಂಸ್ಥೆಯೊಂದರ ಹೆಸರಿದೆ.

ಕೇಂದ್ರಕ್ಕಿಂತ ನಿಜವಾಗಿ ಬಿಗಿಯಾದದ್ದು ಮಹಾರಾಷ್ಟ್ರ. 2012ರ ಜುಲೈನಲ್ಲಿ ಅದು ಗುಟ್ಖಾ ಜೊತೆ ತಂಬಾಕಿಲ್ಲದ ಪಾನ್ ಮಸಾಲಾವನ್ನೂ ನಿಷೇಧಿಸಿತು. ಮುಂದಿನ ಆದೇಶಗಳಲ್ಲಿ ಸುವಾಸಿತ ಸುಪಾರಿಯೂ ಸೇರಿತು. ಬಿಹಾರ 2019ರ ಆಗಸ್ಟ್‌ನಲ್ಲಿ, ಪರೀಕ್ಷೆಯಲ್ಲಿ ಮೆಗ್ನೀಸಿಯಂ ಕಾರ್ಬೊನೇಟ್ ಕಂಡಿತು ಎಂಬ ಕಾರಣ ಕೊಟ್ಟು ಪಾನ್ ಮಸಾಲಾ ಬ್ರ್ಯಾಂಡುಗಳನ್ನು ನಿಷೇಧಿಸಿತು. ಕೇಂದ್ರ ‘ಮಾರಬಹುದು, ಮಾನದಂಡ ಪಾಲಿಸಿ’ ಎಂದ ಪದಾರ್ಥವನ್ನು ರಾಜ್ಯ ‘ನಮ್ಮಲ್ಲಿ ಬೇಡ’ ಎಂದದ್ದು ಇಂಥ ಕಡೆ. ಶಿರಸಿಯ ಅಡಿಕೆಯ ಬೆಲೆಗೆ ಬೆಂಗಳೂರಿನ ಆದೇಶಕ್ಕಿಂತ ಮುಂಬೈ, ಪಟ್ನಾದ ಆದೇಶಗಳು ಹೆಚ್ಚು ಸಂಬಂಧಪಟ್ಟವು. ನಮ್ಮ ಬೆಳೆಗಾರರ ಸಭೆಗಳಲ್ಲಿ ಇದು ಚರ್ಚೆಯಾಗುವುದು ಮಾತ್ರ ಅಪರೂಪ.

ಒಂದು ವರ್ಷ, ಮತ್ತೊಂದು ವರ್ಷ, ಮಗದೊಂದು

ಒಂದು ವರ್ಷ ಮೀರಕೂಡದು ಎಂದರೆ ವರ್ಷ ಮುಗಿದ ಮರುದಿನ ಮತ್ತೊಂದು ವರ್ಷಕ್ಕೆ ಆದೇಶ ಹೊರಡಿಸಬಹುದೇ? ಹತ್ತು ವರ್ಷ ಹೀಗೇ ನಡೆಸಬಹುದೇ? ಹಲವು ರಾಜ್ಯಗಳು ನಡೆಸಿದ್ದು ಹಾಗೇ. ದಿಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ 2022ರ ಸೆಪ್ಟೆಂಬರ್‌ನಲ್ಲಿ, ಇದು ತಾತ್ಕಾಲಿಕ ಅಧಿಕಾರವನ್ನು ಶಾಶ್ವತ ಮಾಡಿಕೊಳ್ಳುವ ಕೆಲಸ ಎಂದು ಅಂಥ ಆದೇಶಗಳನ್ನು ರದ್ದು ಮಾಡಿತು. 2023ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟೂ ಅದೇ ಧಾಟಿಯಲ್ಲಿ ಹೇಳಿತು. ಆದರೆ 2023ರ ಏಪ್ರಿಲ್‌ನಲ್ಲಿ ದಿಲ್ಲಿಯ ವಿಭಾಗೀಯ ಪೀಠ ಏಕಸದಸ್ಯ ಪೀಠದ ತೀರ್ಪನ್ನು ತಿರುಗಿಸಿ ನಿಷೇಧವನ್ನು ಎತ್ತಿಹಿಡಿಯಿತು. ಅದೇ ತಿಂಗಳು ಮದ್ರಾಸ್ ತೀರ್ಪಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜನರ ಆರೋಗ್ಯಕ್ಕಾಗಿ ರಾಜ್ಯ ಕೇಂದ್ರಕ್ಕಿಂತ ಬಿಗಿಯಾಗುವುದು ತಪ್ಪಲ್ಲ. ಆಸ್ಪತ್ರೆ ನಡೆಸುವುದು ರಾಜ್ಯ, ಬಾಯಿ ಕ್ಯಾನ್ಸರಿನ ರೋಗಿ ಬಂದು ನಿಲ್ಲುವುದು ಜಿಲ್ಲಾಸ್ಪತ್ರೆಯ ಮುಂದೆ. ಆದರೆ ಶಾಶ್ವತ ನಿರ್ಧಾರವನ್ನು ಒಬ್ಬ ಆಯುಕ್ತರ ವರ್ಷವರ್ಷದ ಸಹಿಯ ಮೇಲೆ ನಿಲ್ಲಿಸುವುದು ತಪ್ಪು. ಅಲ್ಲಿ ಚರ್ಚೆಯಿಲ್ಲ, ಬೆಳೆಗಾರನ ಮಾತಿಗೆ ಜಾಗವಿಲ್ಲ, ನಷ್ಟವಾದವರಿಗೆ ಏನು ಎಂಬ ಪ್ರಶ್ನೆಯಿಲ್ಲ. ಪ್ರತಿ ವರ್ಷ ಅದೇ ತಿಂಗಳಲ್ಲಿ ಮಾರುಕಟ್ಟೆ ಉಸಿರು ಬಿಗಿಹಿಡಿದು ಕೂರಬೇಕಾಗುತ್ತದೆ. ಬೇಡ ಎನ್ನುವುದಾದರೆ ಸದನದಲ್ಲಿ ಮಸೂದೆ ತಂದು, ಎಲ್ಲರ ಎದುರು ಕಾರಣ ಹೇಳಿ ಬೇಡ ಎನ್ನಬೇಕು.

ರಾಜಮಾರ್ಗದಲ್ಲಿ ಹೋದ ಕರ್ನಾಟಕ

ಅದು ಸಾಧ್ಯವೆಂದು ಕರ್ನಾಟಕವೇ ತೋರಿಸಿದೆ. ಕೋಟ್ಪಾ ಕೇಂದ್ರದ ಕಾಯ್ದೆ. 18 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನ ಮಾರಬಾರದು, ಶಾಲಾ ಕಾಲೇಜುಗಳ ನೂರು ಗಜದೊಳಗೆ ಮಾರಬಾರದು ಎನ್ನುತ್ತದೆ. ಕರ್ನಾಟಕದ ವಿಧಾನಮಂಡಲ 2024ರಲ್ಲಿ ಇದಕ್ಕೆ ತಿದ್ದುಪಡಿ ಅಂಗೀಕರಿಸಿತು. ಮಸೂದೆ ರಾಷ್ಟ್ರಪತಿಗಳ ಬಳಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಅಂಕಿತ ಸಿಕ್ಕಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಈಗ ಕರ್ನಾಟಕದಲ್ಲಿ ವಯಸ್ಸಿನ ಮಿತಿ 21. ವಿದ್ಯಾಸಂಸ್ಥೆಯಿಂದ ನೂರು ಮೀಟರ್ ದೂರ. ಬಿಡಿ ಸಿಗರೇಟು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ ಇನ್ನೂರರ ಬದಲು ಸಾವಿರ ರೂಪಾಯಿಯವರೆಗೆ. ಹುಕ್ಕಾ ಬಾರ್ ನಡೆಸಿದವರಿಗೆ ಜೈಲು. ಹುಕ್ಕಾ ನಿಷೇಧವನ್ನು ರಾಜ್ಯ ಮೊದಲು 2024ರ ಫೆಬ್ರುವರಿಯಲ್ಲಿ ಆದೇಶದ ಮೂಲಕ ತಂದಿತ್ತು, ಹೈಕೋರ್ಟ್ ಅದನ್ನು ಏಪ್ರಿಲ್‌ನಲ್ಲಿ ಒಪ್ಪಿತ್ತು. ಆದರೂ ಕಾಯ್ದೆಯ ಬಲ ಬೇರೆಯದೇ. ಕೇಂದ್ರದಲ್ಲಿ 18 ಇದೆ, ನಮಗೇಕೆ 21 ಎಂದು ಇನ್ನು ಯಾರೂ 254ನೇ ವಿಧಿಯ ಆಧಾರದಲ್ಲಿ ವಾದಿಸಿ ಗೆಲ್ಲುವುದು ಕಷ್ಟ.

ಶಿರಸಿಯ ಬಸ್ ನಿಲ್ದಾಣದ ಬಳಿಯ ಬೀಡಾ ಅಂಗಡಿಯವರು, ಸಿದ್ದಾಪುರದ ಹೈಸ್ಕೂಲು ರಸ್ತೆಯ ಗೂಡಂಗಡಿಯವರು ಇದನ್ನು ತಿಳಿದಿರಬೇಕು. ಕವಳಕ್ಕೆ ಅಡಿಕೆ, ಎಲೆ, ಸುಣ್ಣ ಕೊಡುವುದು ಈ ಕಾಯ್ದೆಗೆ ಸಿಗುವುದಿಲ್ಲ. ಅದೇ ಕೈ ಹೊಗೆಸೊಪ್ಪು ಕೊಟ್ಟಿತೋ, ಗಿರಾಕಿಯ ವಯಸ್ಸೂ ಶಾಲೆಯ ದೂರವೂ ಲೆಕ್ಕಕ್ಕೆ ಬರುತ್ತವೆ.

ಕಾಯ್ದೆಯೇ ‘ಬಿಗಿ ಮಾಡಿ’ ಎಂದಾಗ

ಎಲ್ಲ ಕೇಂದ್ರ ಕಾನೂನೂ ಆಹಾರ ಕಾಯ್ದೆಯ ಹಾಗಿಲ್ಲ. ಪರಿಸರ ಸಂರಕ್ಷಣಾ ನಿಯಮಗಳು, 1986 ತೆಗೆದು ನೋಡಿ. ಕೈಗಾರಿಕೆ ಹೊರಬಿಡುವ ನೀರು, ಹೊಗೆಗೆ ಕೇಂದ್ರ ಮಿತಿ ಹಾಕಿದೆ. ಅವು ಸೇರುವ ನದಿಯ, ಗಾಳಿಯ ಸ್ಥಿತಿ ನೋಡಿಕೊಂಡು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದಕ್ಕಿಂತ ಬಿಗಿಯಾದ ಮಿತಿ ಹಾಕಬಹುದು ಎಂದು 3ನೇ ನಿಯಮವೇ ಹೇಳುತ್ತದೆ. ಷರತ್ತು ಒಂದೇ, ಕಾರಣವನ್ನು ಬರೆದು ದಾಖಲಿಸಬೇಕು. ಇಲ್ಲಿ ಕೇಂದ್ರದ ಮಾನದಂಡ ಕನಿಷ್ಠ ಮಟ್ಟ. ರಾಜ್ಯ ಮೇಲೆ ಹೋಗಬಹುದು, ಕೆಳಗೆ ಇಳಿಯುವಂತಿಲ್ಲ. ಅಘನಾಶಿನಿ, ಬೇಡ್ತಿ, ಶಾಲ್ಮಲಾ ಹರಿಯುವ ತಾಲ್ಲೂಕುಗಳಲ್ಲಿ ಇದು ಬಹಳ ಬೆಲೆಬಾಳುವ ನಿಯಮ, ಯಾರೂ ಹೆಚ್ಚಾಗಿ ಬಳಸದ ನಿಯಮ. ನದಿ ಕಣಿವೆಯಲ್ಲಿ ಹೊಸ ಘಟಕ ಬರುವಾಗ ‘ಕೇಂದ್ರದ ಮಿತಿಯೊಳಗೇ ಇದೆ’ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೆ ಮುಗಿಯಬೇಕಾಗಿಲ್ಲ.

ಪ್ಲಾಸ್ಟಿಕ್ಕಿನಲ್ಲಿ ರಾಜ್ಯ ಈ ಸ್ವಾತಂತ್ರ್ಯ ಬಳಸಿದೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಕೈಚೀಲ, ತಟ್ಟೆ, ಲೋಟ ಮುಂತಾದ ಪ್ಲಾಸ್ಟಿಕ್ ವಸ್ತುಗಳನ್ನು ದಪ್ಪದ ಲೆಕ್ಕವಿಲ್ಲದೆ ನಿಷೇಧಿಸಿತು. ಕೇಂದ್ರ ಆಯ್ದ ವಸ್ತುಗಳನ್ನು ಒಂದೇ ಸಲ ನಿಷೇಧಿಸಿದ್ದು 2022ರ ಜುಲೈ 1ರಿಂದ. ಕೈಚೀಲದ ಮಟ್ಟಿಗೆ ಇಂದಿಗೂ ಅದು ಮೈಕ್ರಾನ್ ಲೆಕ್ಕದಲ್ಲೇ ಇದೆ. ಪ್ಲಾಸ್ಟಿಕ್ ತಟ್ಟೆ ಹೋದ ಜಾಗಕ್ಕೆ ಅಡಿಕೆ ಹಾಳೆಯ ತಟ್ಟೆ ಬಂತು. ಬಿಗಿಯಾದ ನಿಯಮ ಯಾವಾಗಲೂ ಬೆಳೆಗಾರನ ಶತ್ರುವಲ್ಲ ಎಂಬುದಕ್ಕೆ ಇದು ಸಾಕು.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಷಯದಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಕೇಂದ್ರದ 2024ರ ಜುಲೈ 31ರ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿದೆ. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ, ಆ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅಲ್ಲಿ ಬಿಗಿ ಬೇಕೆನ್ನುತ್ತಿರುವುದು ಕೇಂದ್ರ, ಸಡಿಲ ಬೇಕೆನ್ನುತ್ತಿರುವುದು ರಾಜ್ಯ. ಅಂತಿಮ ಅಧಿಸೂಚನೆ ಬಂದರೆ ಸಂಪುಟದ ನಿರ್ಣಯ ಅದನ್ನು ತಡೆಯಲಾರದು.

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲಿ ವಾಹನದ ಹೊಗೆಗೆ ಕೇಂದ್ರಕ್ಕಿಂತ ಬಿಗಿಯಾದ ನಿಯಮ ಮಾಡಲು ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಕಾನೂನೇ ವಿಶೇಷ ಅವಕಾಶ ಕೊಟ್ಟಿದೆ. ಅದೇ ಕ್ಯಾಲಿಫೋರ್ನಿಯಾ ಕಸಾಯಿಖಾನೆಗಳ ಮೇಲೆ ಹಾಕಿದ ಹೆಚ್ಚುವರಿ ನಿಯಮವನ್ನು 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೆಗೆದುಹಾಕಿತು. ಮಾಂಸ ತಪಾಸಣೆಯ ಕೇಂದ್ರ ಕಾಯ್ದೆ ಅಂಥ ಹೆಚ್ಚುವರಿ ನಿಯಮಕ್ಕೆ ಜಾಗ ಬಿಟ್ಟಿರಲಿಲ್ಲ. ಒಂದೇ ರಾಜ್ಯ, ಎರಡು ಕಾಯ್ದೆ, ಎರಡು ಉತ್ತರ.

ನಮ್ಮ ಸಂಸತ್ತು ರಾಜ್ಯದ ಕೈಯನ್ನು ನೇರವಾಗಿ ಕಟ್ಟಿದ್ದೂ ಉಂಟು. 2020ರ ಕೃಷಿ ವ್ಯಾಪಾರ ಕಾಯ್ದೆ, ಎಪಿಎಂಸಿ ಪ್ರಾಂಗಣದ ಹೊರಗೆ ನಡೆಯುವ ವ್ಯಾಪಾರಕ್ಕೆ ರಾಜ್ಯ ಯಾವ ಮಾರುಕಟ್ಟೆ ಶುಲ್ಕವನ್ನೂ ಹಾಕಕೂಡದು ಎಂದಿತ್ತು. ಅಡಿಕೆಯ ಟೆಂಡರು ಪ್ರಾಂಗಣದಲ್ಲೇ ನಡೆಯುವ, 1923ರಿಂದ ತೋಟಗಾರರ ಸಹಕಾರಿ ಸಂಘ ಕಟ್ಟಿಕೊಂಡು ಬಂದ ಶಿರಸಿಯಂಥ ಊರಿಗೆ ಇದು ಸಣ್ಣ ಮಾತಾಗಿರಲಿಲ್ಲ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ವರ್ಷದ ಕೊನೆಗೆ ಸಂಸತ್ತೇ ಕಾಯ್ದೆ ವಾಪಸು ಪಡೆಯಿತು.

ಆದೇಶ ಕೈಗೆ ಬಂದಾಗ

ಇನ್ನೊಮ್ಮೆ ‘ಬ್ಯಾನ್’ ಸುದ್ದಿ ಬಂದರೆ ಮೊದಲು ರಾಜ್ಯಪತ್ರದ ಪ್ರತಿ ಹುಡುಕಿ, ಪತ್ರಿಕೆಯ ತುಣುಕನ್ನಲ್ಲ. ಕೊನೆಯಲ್ಲಿ ಸಹಿ ಯಾರದು ನೋಡಿ. ಆಹಾರ ಸುರಕ್ಷತಾ ಆಯುಕ್ತರದಾಗಿದ್ದು 30(2)(ಎ) ಉಲ್ಲೇಖವಿದ್ದರೆ ಅದಕ್ಕೆ ಒಂದು ವರ್ಷದ ಆಯುಷ್ಯ. ಆರಂಭದ ದಿನಾಂಕ ಬರೆದಿಟ್ಟುಕೊಳ್ಳಿ. ವಿಧಾನಮಂಡಲದ ಕಾಯ್ದೆಯಾಗಿದ್ದು ರಾಷ್ಟ್ರಪತಿಗಳ ಅಂಕಿತ ಪಡೆದಿದ್ದರೆ ಅದರ ದಿನಾಂಕ ಮೊದಲ ಪುಟದಲ್ಲೇ ಇರುತ್ತದೆ. ಆಮೇಲೆ ಪದಾರ್ಥದ ವಿವರಣೆ ಓದಿ. ‘ತಂಬಾಕು ಅಥವಾ ನಿಕೋಟಿನ್ ಇರುವ’ ಎಂಬ ಮಾತು ಇದೆಯೇ? ಇದ್ದರೆ ಅದು ಕೇಂದ್ರದ ಹಳೆಯ ನಿಯಮದ ಜಾರಿ, ಹೊಸತೇನಲ್ಲ, ಅಡಿಕೆ ಮಾರಿ ಖಾಲಿ ಮಾಡುವ ಅವಸರ ಬೇಡ. ಬರೀ ‘ಪಾನ್ ಮಸಾಲಾ’, ‘ಸುವಾಸಿತ ಸುಪಾರಿ’ ಎಂದಿದ್ದರೆ ರಾಜ್ಯ ಕೇಂದ್ರವನ್ನು ದಾಟಿದೆ ಎಂದರ್ಥ, ಪ್ರಶ್ನಿಸಲು ಅವಕಾಶವಿದೆ.

ಪ್ರಶ್ನಿಸುವುದೆಲ್ಲಿ? ರಾಜ್ಯದ ಆದೇಶವಾದರೆ 226ನೇ ವಿಧಿಯಡಿ ಹೈಕೋರ್ಟಿನಲ್ಲಿ. ಉತ್ತರ ಕನ್ನಡ ಜಿಲ್ಲೆಯವರಿಗೆ ಬೆಂಗಳೂರಿಗೆ ಹೋಗುವ ಕೆಲಸವಿಲ್ಲ, 2013ರಿಂದ ಧಾರವಾಡದಲ್ಲಿ ಕಾಯಂ ಪೀಠವಿದೆ. ಬೇರೆ ರಾಜ್ಯದ ಆದೇಶವಾದರೆ ಆ ರಾಜ್ಯದ ಹೈಕೋರ್ಟಿಗೆ ಹೋಗಬೇಕಾಗುವುದೇ ಹೆಚ್ಚು. ಅದು ಒಬ್ಬೊಬ್ಬ ಬೆಳೆಗಾರನ ಶಕ್ತಿಗೆ ಮೀರಿದ್ದು, ಸಹಕಾರಿ ಸಂಘಗಳು ಒಟ್ಟಾಗಿ ಮಾಡಬೇಕಾದದ್ದು. ಕೇಂದ್ರದ ನಿಯಮವಾದರೆ ಕರಡು ಪ್ರಕಟವಾದ ಹೊತ್ತಿಗೇ ಆಕ್ಷೇಪಣೆ ಕಳಿಸಬೇಕು. ಪೂರ್ವ ಪ್ರಕಟಣೆ ಕಾಯ್ದೆಯಲ್ಲೇ ಕಡ್ಡಾಯ. ಅಂತಿಮವಾದ ಮೇಲೆ ಮೆರವಣಿಗೆ ಮಾಡಿದರೆ ಫಲ ಕಡಿಮೆ.

ಅಂಗಡಿಯಿಂದ ಸುಪಾರಿಯ ಮಾದರಿ ತೆಗೆದುಕೊಂಡು ಹೋದರೆ ಹೆದರುವುದು ಬೇಡ. ಪ್ರಯೋಗಾಲಯದ ಆಹಾರ ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ 46(4) ಸೆಕ್ಷನ್ ಪ್ರಕಾರ ಅಂಕಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ 30 ದಿನ ಸಮಯವಿದೆ.

ಒಂದು ಮಾತನ್ನು ಬೆಳೆಗಾರರಿಗೆ ಇಷ್ಟವಾಗದಿದ್ದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಿಷೇಧದ ಆದೇಶಗಳಿಗೂ ವ್ಯಾಜ್ಯಗಳಿಗೂ ಈ ವರ್ಗೀಕರಣ ಆಧಾರವಾಗಿ ಬರಬಹುದು. ಅದನ್ನು ಎದುರಿಸುವ ದಾರಿ ಸಂಶೋಧನೆ ಮತ್ತು ದಾಖಲೆ. ಕೇಂದ್ರ ರಾಜ್ಯಗಳ ಅಧಿಕಾರದ ವಾದ ನಮಗೆ ಸಮಯ ಗಳಿಸಿಕೊಡಬಹುದು, ಆರೋಗ್ಯದ ಪ್ರಶ್ನೆಗೆ ಉತ್ತರ ಕೊಡಲಾರದು.

ಆದ್ದರಿಂದ ಮೂರೂ ತಾಲ್ಲೂಕುಗಳ ಸಹಕಾರಿ ಸಂಘಗಳಲ್ಲಿ ನನ್ನ ಬೇಡಿಕೆ ಇಷ್ಟು. ಪ್ರತಿ ಸಂಘದಲ್ಲಿ ಒಬ್ಬರಿಗಾದರೂ ಎಫ್‌ಎಸ್‌ಎಸ್‌ಎಐ ಕರಡುಗಳನ್ನೂ, ಮಹಾರಾಷ್ಟ್ರ, ಬಿಹಾರ, ದಿಲ್ಲಿ, ತಮಿಳುನಾಡಿನ ವಾರ್ಷಿಕ ಆದೇಶಗಳನ್ನೂ ತರಿಸಿ ಓದುವ ಕೆಲಸ ವಹಿಸಿಕೊಡಿ. ಆದೇಶದ ದಿನಾಂಕ, ಸೆಕ್ಷನ್, ಪದಾರ್ಥ, ಅವಧಿ ಇವಿಷ್ಟನ್ನು ಕನ್ನಡದಲ್ಲಿ ಬರೆದು ಟೆಂಡರಿನ ದರಪಟ್ಟಿಯ ಪಕ್ಕದಲ್ಲೇ ಹಚ್ಚಿ.